ಐದು ಮೀಟರಿನಿಂದ ಎರಡು ಸೆಂಟಿಮೀಟರಿಗೆ: ತಿದ್ದುಪಡಿ ಸೇವೆಗಳಿಂದ ಜಿಪಿಎಸ್ ನಿಖರತೆ ಹೆಚ್ಚಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಸೈಟು ಎಂದರೆ ಮೂವತ್ತು–ನಲವತ್ತು ಅಡಿ. ಮೀಟರಿನ ಲೆಕ್ಕದಲ್ಲಿ ಅದು ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಒಳ್ಳೆಯ ಮೊಬೈಲ್ ಕೂಡ ತೆರೆದ ಆಕಾಶದ ಕೆಳಗೆ 3ರಿಂದ 5 ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಅಂದರೆ ನೀವು ನಿಮ್ಮ ಸೈಟಿನ ನಟ್ಟನಡುವೆ ನಿಂತಿದ್ದರೂ ನಕ್ಷೆಯ ಚುಕ್ಕಿ ಪಕ್ಕದವರ ಕಾಂಪೌಂಡಿನೊಳಗೆ ಬೀಳಬಹುದು. ಆಟೋ ಕರೆಸಲು ಇಷ್ಟು ಸಾಕು. ಬಡಾವಣೆಯ ಮ್ಯಾನ್‌ಹೋಲ್‌ಗಳನ್ನು ಗುರುತಿಸಲು, ವಾರ್ಡಿನ ಮರಗಳ ಗಣತಿ ಮಾಡಲು, ತೋಟದಲ್ಲಿ ಹೂತ ಪೈಪನ್ನು ಮುಂದಿನ ವರ್ಷ ಅಗೆಯದೆ ಹುಡುಕಲು ಇದು ಏನೇನೂ ಸಾಲದು.

ಸರ್ವೆ ವೃತ್ತಿಯವರ ದುಬಾರಿ ಉಪಕರಣವಿಲ್ಲದೆ ಈ ಅಂತರವನ್ನು ತಗ್ಗಿಸಬೇಕೆನ್ನುವ ವಿದ್ಯಾರ್ಥಿಗಳು, ನಿವಾಸಿಗಳ ಸಂಘದವರು, ಡ್ರೋನ್ ಹಾರಿಸುವವರು, ನಕ್ಷೆಯ ಹುಚ್ಚಿರುವವರಿಗಾಗಿ ಈ ಬರಹ. ಹೆಚ್ಚಿನವರು ಮೊದಲು ಹಣ ಕೊಟ್ಟು ಸೇವೆಗೆ ಸೇರುತ್ತಾರೆ, ಆಮೇಲೆ ಆಂಟೆನಾದ ಬಗ್ಗೆ ಯೋಚಿಸುತ್ತಾರೆ. ಆ ಕ್ರಮ ತಲೆಕೆಳಗಾದದ್ದು. ಏಕೆಂಬುದನ್ನು ಮೊದಲು ನೋಡೋಣ.

ಯಾವ ತಪ್ಪು ಎಲ್ಲರದು, ಯಾವುದು ನಿಮ್ಮೊಬ್ಬರದು

ಜಿಪಿಎಸ್ ಉಪಗ್ರಹ ಸುಮಾರು 20,000 ಕಿ.ಮೀ. ಎತ್ತರದಲ್ಲಿದೆ. ಸಂಕೇತ ಅಲ್ಲಿಂದ ಹೊರಟು ನಿಮ್ಮನ್ನು ತಲುಪಲು ಹಿಡಿದ ಸಮಯದಿಂದ ರಿಸೀವರ್ ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂ.ಮೀ. ಸಾಗುವುದರಿಂದ ಸಮಯದಲ್ಲಿ ಕೂದಲೆಳೆಯಷ್ಟು ಎಡವಟ್ಟಾದರೂ ದೂರ ಕೆಡುತ್ತದೆ.

ಉಪಗ್ರಹದ ಗಡಿಯಾರದ ದೋಷ, ಕಕ್ಷೆಯ ಲೆಕ್ಕದ ದೋಷ, ಅಯಾನುಗೋಳದಲ್ಲಿ (ಮೇಲಿನ ವಾತಾವರಣದ ವಿದ್ಯುದಾವೇಶದ ಪದರ) ಆಗುವ ವಿಳಂಬ, ಕೆಳಗಿನ ವಾತಾವರಣದ ತೇವಾಂಶದಿಂದ ಆಗುವ ವಿಳಂಬ ಇವೆಲ್ಲ ಒಂದೇ ಪ್ರದೇಶದಲ್ಲಿರುವ ಎಲ್ಲ ರಿಸೀವರ್‌ಗಳಿಗೂ ಹೆಚ್ಚುಕಡಿಮೆ ಸಮಾನ. ಯಶವಂತಪುರದಲ್ಲಿರುವವರಿಗೂ ಜಯನಗರದಲ್ಲಿರುವವರಿಗೂ ಒಂದೇ ಉಪಗ್ರಹ ಒಂದೇ ಬಗೆಯ ಸುಳ್ಳು ಹೇಳುತ್ತದೆ. ಇನ್ನೊಂದು ಗುಂಪಿನ ದೋಷಗಳು ನೀವು ನಿಂತ ಜಾಗಕ್ಕೆ ಮಾತ್ರ ಸೇರಿದವು: ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಕ್ಕೆ ಬಡಿದು ಬಂದ ಸಂಕೇತ, ತಲೆಯ ಮೇಲಿನ ಮೆಟ್ರೊ ಮಾರ್ಗ, ಮಲ್ಲೇಶ್ವರದ ಅಡ್ಡರಸ್ತೆಯ ಒದ್ದೆ ಎಲೆಗಳು, ಆಂಟೆನಾದ ಪಕ್ಕದಲ್ಲೇ ನಿಂತ ನಿಮ್ಮ ಮೈ.

ತಕ್ಕಡಿ ಸರಿಯಿಲ್ಲವೆಂಬ ಅನುಮಾನ ಬಂದರೆ ಮುದ್ರೆ ಒತ್ತಿದ ಒಂದು ಕಿಲೋ ಬಟ್ಟನ್ನು ಇಟ್ಟು ನೋಡುತ್ತೇವೆ. 50 ಗ್ರಾಂ ಹೆಚ್ಚು ತೋರಿಸಿದರೆ ಮುಂದಿನ ತೂಕದಲ್ಲಿ ಅಷ್ಟನ್ನು ಕಳೆಯುತ್ತೇವೆ. ತಿದ್ದುಪಡಿ ಸೇವೆ ಮಾಡುವುದೂ ಇದನ್ನೇ. ಸ್ಥಾನ ಮೊದಲೇ ಖಚಿತವಾಗಿ ಗೊತ್ತಿರುವ ಕಡೆ ಒಂದು ರಿಸೀವರ್ ಇಟ್ಟು, ಪ್ರತಿ ಉಪಗ್ರಹದ ಅಳತೆ ಎಷ್ಟು ತಪ್ಪಿದೆ ಎಂದು ಕಂಡುಕೊಂಡು, ಅದನ್ನು ಇತರರಿಗೆ ತಿಳಿಸುತ್ತದೆ. ಆ ಕೇಂದ್ರಕ್ಕೆ ಬೇಸ್ ಎನ್ನುತ್ತಾರೆ, ನಿಮ್ಮ ಕೈಯಲ್ಲಿರುವುದಕ್ಕೆ ರೋವರ್. ಆದರೆ ನಿಮ್ಮ ಮುಂದಿನ ಗಾಜಿನ ಗೋಡೆ ಬೇಸಿಗೆ ಕಾಣುವುದಿಲ್ಲ. ಹಾಗಾಗಿ ಎರಡನೆಯ ಗುಂಪಿನ ದೋಷಕ್ಕೆ ಯಾವ ಸೇವೆಯಲ್ಲೂ ಮದ್ದಿಲ್ಲ, ಅದನ್ನು ನೀವೇ ನಿವಾರಿಸಬೇಕು.

ನಮ್ಮ ಊರಿಗೆ ಸಂಬಂಧಿಸಿದ ಮಾತು ಇನ್ನೊಂದಿದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಬೆಂಗಳೂರು ಅದಕ್ಕೆ ಹತ್ತಿರ, ಆದ್ದರಿಂದ ಇಲ್ಲಿನ ಅಯಾನುಗೋಳ ಯೂರೋಪಿನವರು ಕಾಣುವುದಕ್ಕಿಂತ ಹೆಚ್ಚು ತಂಟೆಕೋರ. ಒಂದೇ ತರಂಗಾಂತರ ಬಳಸುವ ಅಗ್ಗದ ರಿಸೀವರ್, ಉಪಗ್ರಹವೇ ಬಿತ್ತರಿಸುವ ಸರಳ ಮಾದರಿಯಿಂದ ಆ ವಿಳಂಬದ ಅರ್ಧದಷ್ಟನ್ನು ಮಾತ್ರ ಕಳೆಯಬಲ್ಲದು. ಸೂರ್ಯ ಮುಳುಗಿದ ಮೇಲೆ ಮಧ್ಯರಾತ್ರಿಯವರೆಗೆ, ವಿಶೇಷವಾಗಿ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ಸಂಕೇತವೇ ಮಿನುಗಿ ತುಂಡಾಗುವುದುಂಟು. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ಇದು ಇನ್ನೂ ಹೆಚ್ಚು. ಅಂಥ ಸಂಜೆ ಸಾವಿರಾರು ರೂಪಾಯಿಯ ಸೇವೆಯೂ ಕೈಕೊಡುತ್ತದೆ. ಬೆಳಗಿನ ಕೆಲಸವೇ ವಾಸಿ.

ಹಂತ 1: ಎಷ್ಟು ನಿಖರತೆ ಬೇಕೆಂದು ತೀರ್ಮಾನಿಸಿ

ಮರಗಣತಿಗೆ ಒಂದೆರಡು ಮೀಟರ್ ಸಾಕು. ಅದಕ್ಕೆ ಉಪಗ್ರಹದಿಂದಲೇ ತಿದ್ದುಪಡಿ ಬಿತ್ತರಿಸುವ ಭಾರತದ ಗಗನ್ ಇದೆ, ಉಚಿತ. ರಸ್ತೆಯ ಅಂಚು, ಪೈಪು, ಚರಂಡಿಗೆ ಸೆಂಟಿಮೀಟರ್ ಮಟ್ಟದ ಆರ್‌ಟಿಕೆ (ಹತ್ತಿರದ ಬೇಸಿನಿಂದ ಆ ಕ್ಷಣದಲ್ಲೇ ತಿದ್ದುಪಡಿ ಪಡೆಯುವ ವಿಧಾನ) ಬೇಕು. ನಡುವಿನ ಮಟ್ಟದಲ್ಲಿ ಯೂರೋಪಿನ ಗೆಲಿಲಿಯೊ ಉಪಗ್ರಹ ವ್ಯವಸ್ಥೆಯ ಉಚಿತ ಹೈ ಆಕ್ಯುರಸಿ ಸೇವೆ ಇದೆ. 2023ರ ಜನವರಿಯಲ್ಲಿ ಶುರುವಾದ ಇದರ ಗುರಿ 20 ಸೆಂ.ಮೀ. ಆಸುಪಾಸು. ಆದರೆ ಇ6 ತರಂಗಾಂತರ ಹಿಡಿಯುವ ರಿಸೀವರ್ ಬೇಕು, ಸ್ಥಾನ ಕುದುರುವವರೆಗೆ ಕಾಯುವ ತಾಳ್ಮೆಯೂ ಬೇಕು. ಹೊಸಬರು ಇದನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು.

ಹಂತ 2: ಆಕಾಶ ಮತ್ತು ಆಂಟೆನಾ

ನಿಮ್ಮ ತಾರಸಿಯಲ್ಲೇ ಶುರು ಮಾಡಿ. ಮೊಬೈಲಿನಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಪ್ರತಿ ಉಪಗ್ರಹದ ಸಂಕೇತಬಲ ಒಂದು ಸಂಖ್ಯೆಯಾಗಿ ಕಾಣುತ್ತದೆ. ತಾರಸಿಯ ನಡುವೆ ನಿಂತಾಗ ನೆತ್ತಿಯ ಮೇಲಿನ ಉಪಗ್ರಹಗಳು 40–45 ತೋರಿಸುತ್ತಿರುತ್ತವೆ. ಹಾಗೆಯೇ ನಡೆಯುತ್ತ ನೀರಿನ ಟ್ಯಾಂಕ್ ಮತ್ತು ಸೋಲಾರ್ ಹೀಟರಿನ ಸಂದಿಗೆ ಬನ್ನಿ. ಒಂದು ದಿಕ್ಕಿನ ಉಪಗ್ರಹಗಳೆಲ್ಲ 30ಕ್ಕೂ ಕೆಳಗೆ ಇಳಿಯುತ್ತವೆ, ಕೆಲವು ಏರಿಳಿಯತೊಡಗುತ್ತವೆ. ಹೀಗೆ ಏರಿಳಿಯುವವೇ ಅಪಾಯಕಾರಿ, ಏಕೆಂದರೆ ಅವು ಹೀಟರಿನ ತಗಡಿಗೆ ಬಡಿದು ಬಂದ ಸಂಕೇತಗಳಿರಬಹುದು. ಪೂರ್ತಿ ಮರೆಯಾದ ಉಪಗ್ರಹಕ್ಕಿಂತ ಸುತ್ತಿ ಬಂದ ಸಂಕೇತ ಹೆಚ್ಚು ಕೆಡಿಸುತ್ತದೆ.

ಹೊರಗಿನ ಆಂಟೆನಾ ಬಳಸುವುದಾದರೆ ಅದರ ಕೆಳಗೆ ಸುಮಾರು 10 ಸೆಂ.ಮೀ. ಅಗಲದ ಲೋಹದ ತಟ್ಟೆ ಇರಲಿ. ನೆಲದಿಂದ ಪುಟಿದು ಬರುವ ಸಂಕೇತವನ್ನು ಅದು ತಡೆಯುತ್ತದೆ. ಅಡುಗೆಮನೆಯ ಸ್ಟೀಲ್ ತಟ್ಟೆಯೂ ನಡೆಯುತ್ತದೆ. ಆದರೆ ಆಂಟೆನಾದ ತಳದ ಆಯಸ್ಕಾಂತ ಒಳ್ಳೆಯ ಸ್ಟೀಲಿಗೆ ಬಹಳ ಸಲ ಕಚ್ಚುವುದಿಲ್ಲ, ಅಂಗಡಿಯಲ್ಲೇ ಹಿಡಿದು ನೋಡಿ. ಆಂಟೆನಾವನ್ನು ಕೋಲಿಗೆ ಕಟ್ಟಿ ತಲೆಗಿಂತ ಮೇಲೆ ಎತ್ತಿ. ರಿಸೀವರಿನಲ್ಲಿ ದಿಗಂತದಿಂದ 10–15 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಬಿಟ್ಟುಬಿಡುವಂತೆ ಹೊಂದಿಸಿ.

ಐದು ನಿಮಿಷ ನಿಂತು ಸರಾಸರಿ ತೆಗೆದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಅದರಿಂದ ಸಿಗುವುದು ಹೆಚ್ಚಾಗಿ ಸಮಾಧಾನ ಮಾತ್ರ. ಅಯಾನುಗೋಳದ ದೋಷ ಐದು ನಿಮಿಷದಲ್ಲಿ ಬದಲಾಗುವುದಿಲ್ಲ, ಒಂದೇ ದಿಕ್ಕಿಗೆ ವಾಲಿದ ಅಳತೆಗಳ ಸರಾಸರಿಯೂ ಅತ್ತಲೇ ವಾಲಿರುತ್ತದೆ. ಸರಾಸರಿಯೇ ಬೇಕೆಂದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಿರಿ.

ಹಂತ 3: ಗಗನ್ ಚಾಲೂ ಮಾಡಿ

ಗಗನ್, ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ವಿಮಾನಯಾನಕ್ಕೆಂದು ಜಂಟಿಯಾಗಿ ಕಟ್ಟಿದ ವ್ಯವಸ್ಥೆ. ದೇಶದ 15 ಉಲ್ಲೇಖ ಕೇಂದ್ರಗಳ ಅಳತೆಗಳು ಬೆಂಗಳೂರಿನ ಕುಂದಲಹಳ್ಳಿಯ ನಿಯಂತ್ರಣ ಕೇಂದ್ರಕ್ಕೆ ಬಂದು, ತಿದ್ದುಪಡಿಯಾಗಿ ಭೂಸ್ಥಿರ ಉಪಗ್ರಹಗಳ ಮೂಲಕ ಎಲ್ಲರಿಗೂ ಬಿತ್ತರವಾಗುತ್ತವೆ. ನೋಂದಣಿ ಬೇಡ, ಇಂಟರ್‌ನೆಟ್ ಬೇಡ. ಕುಂದಲಹಳ್ಳಿಯಲ್ಲಿ ಮನೆಯಿದ್ದವರಿಗೆ ವಿಶೇಷ ಲಾಭವೇನೂ ಇಲ್ಲ!

ಗಗನ್ ಉಪಕರಣವನ್ನು ಹೊತ್ತ ಉಪಗ್ರಹಗಳು ಜಿಸ್ಯಾಟ್-8, ಜಿಸ್ಯಾಟ್-10 ಮತ್ತು ಜಿಸ್ಯಾಟ್-15. ರಿಸೀವರ್ ಅವುಗಳನ್ನು ಗುರುತಿಸುವ ಪಿಆರ್‌ಎನ್ ಸಂಖ್ಯೆಗಳು ಕ್ರಮವಾಗಿ 127, 128 ಮತ್ತು 132. ಕೆಲವು ರಿಸೀವರ್‌ಗಳು ಇದರಿಂದ 87 ಕಳೆದು 40, 41, 45 ಎಂದು ತೋರಿಸುತ್ತವೆ, ಗಲಿಬಿಲಿ ಬೇಡ. ಬೆಂಗಳೂರಿನಿಂದ ನೋಡಿದರೆ ಜಿಸ್ಯಾಟ್-10 ದಕ್ಷಿಣಕ್ಕೆ ಎಪ್ಪತ್ತು ಡಿಗ್ರಿಗೂ ಮೇಲೆ, ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇದೆ. ಜಿಸ್ಯಾಟ್-8 ಪಶ್ಚಿಮ–ನೈಋತ್ಯಕ್ಕೆ ಸುಮಾರು 60 ಡಿಗ್ರಿ ಎತ್ತರದಲ್ಲಿದೆ. ಉತ್ತರದ ದೇಶಗಳಲ್ಲಿ ಇಂಥ ಉಪಗ್ರಹಗಳು ದಿಗಂತದ ಬಳಿ ಕಟ್ಟಡಗಳ ಹಿಂದೆ ಅಡಗಿಕೊಳ್ಳುತ್ತವೆ. ನಮಗೆ ಆ ತೊಂದರೆಯಿಲ್ಲ.

ಯು-ಬ್ಲಾಕ್ಸ್ ಚಿಪ್ ಇರುವ ಸಾಧಾರಣ ರಿಸೀವರ್ ಆದರೆ ಕಂಪ್ಯೂಟರಿನಲ್ಲಿ ಅದೇ ಕಂಪನಿಯ ಯು-ಸೆಂಟರ್ ತಂತ್ರಾಂಶ ತೆರೆದು, ಎಸ್‌ಬಿಎಎಸ್ (ಗಗನ್‌ನಂಥ ವ್ಯವಸ್ಥೆಗಳ ಸಾಮಾನ್ಯ ಹೆಸರು) ಹೊಂದಿಕೆಯಲ್ಲಿ ಈ ಮೂರು ಸಂಖ್ಯೆಗಳಿಗೆ ಗುರುತು ಹಾಕಿ ಉಳಿಸಿ. ಉಳಿಸದಿದ್ದರೆ ವಿದ್ಯುತ್ ತೆಗೆದೊಡನೆ ಹಳೆಯ ಸ್ಥಿತಿಗೆ ಮರಳುತ್ತದೆ. ಗಗನ್ ಸಂದೇಶ ಸೆಕೆಂಡಿಗೆ 250 ಬಿಟ್‌ಗಳ ನಿಧಾನಗತಿಯಲ್ಲಿ ಬರುವುದರಿಂದ ಅಯಾನುಗೋಳದ ಪೂರ್ತಿ ಮಾಹಿತಿ ಸೇರಲು ಐದು ನಿಮಿಷ ಕಾಯಬೇಕು. ತೆರೆದ ಜಾಗದಲ್ಲಿ ದೋಷ ಮೂರು ಮೀಟರಿನೊಳಗೆ, ಹಲವು ಬಾರಿ ಒಂದೂವರೆಯ ಆಸುಪಾಸಿಗೆ ಇಳಿಯುತ್ತದೆ. ಮೊಬೈಲ್‌ಗಳ ವಿಷಯದಲ್ಲಿ ಆಸೆ ಬೇಡ. ಗಗನ್ ಉಪಗ್ರಹವನ್ನು ಪಟ್ಟಿಯಲ್ಲಿ ತೋರಿಸಿಯೂ ಲೆಕ್ಕಕ್ಕೆ ತೆಗೆದುಕೊಳ್ಳದ ಮೊಬೈಲ್‌ಗಳು ಬೇಕಾದಷ್ಟಿವೆ.

ಹಂತ 4: ಆರ್‌ಟಿಕೆಗೆ ಬೇಕಾದ ಸಾಮಾನು

ಆರ್‌ಟಿಕೆ ಸಂಕೇತದ ಸಂಖ್ಯಾಮಾದರಿಯನ್ನಷ್ಟೇ ಅಲ್ಲ, ಅದನ್ನು ಹೊತ್ತು ತರುವ ಅಲೆಯನ್ನೇ ಅಳೆಯುತ್ತದೆ. ಜಿಪಿಎಸ್‌ನ ಮುಖ್ಯ ತರಂಗಾಂತರವಾದ ಎಲ್1ರ ಅಲೆಯ ಉದ್ದ 19 ಸೆಂ.ಮೀ., ಅದರ ಸಣ್ಣ ಭಾಗವನ್ನೂ ಅಳೆಯಬಹುದಾದ್ದರಿಂದ ಮಿಲಿಮೀಟರ್ ಮಟ್ಟದ ಅಳತೆ ಸಿಗುತ್ತದೆ. ನಡುವೆ ಎಷ್ಟು ಪೂರ್ಣ ಅಲೆಗಳಿವೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಆ ಪೂರ್ಣಸಂಖ್ಯೆಯನ್ನು ಬೇಸಿನ ನೆರವಿನಿಂದ ಬಿಡಿಸಿದಾಗ ಪರದೆಯಲ್ಲಿ ‘ಫಿಕ್ಸ್’ ಎಂದು ಬರುತ್ತದೆ, ಇನ್ನೂ ಬಿಡಿಸದೆ ಅಂದಾಜಿನಲ್ಲಿರುವಾಗ ‘ಫ್ಲೋಟ್’.

ಮೊಬೈಲಿನ ಒಳಗಿನ ಚಿಪ್ಪಿಗೆ ಈ ತಿದ್ದುಪಡಿಯನ್ನು ಕೊಡುವ ದಾರಿ ಸಾಮಾನ್ಯವಾಗಿ ಇಲ್ಲ. ಹೊರಗಿನ ರಿಸೀವರ್ ಬೇಕೇಬೇಕು. ಎರಡು ತರಂಗಾಂತರ ಹಿಡಿಯುವ ಯು-ಬ್ಲಾಕ್ಸ್ ಜೆಡ್‌ಇಡಿ-ಎಫ್9ಪಿ ಅಥವಾ ಯುನಿಕೋರ್ ಯುಎಂ980 ಇರುವ ಬೋರ್ಡು, ಅದೇ ತರಂಗಾಂತರಗಳಿಗೆ ಒಗ್ಗುವ ಆಂಟೆನಾ, ಒಟಿಜಿ ಕೇಬಲ್ ಅಥವಾ ಬ್ಲೂಟೂತ್, ಪವರ್ ಬ್ಯಾಂಕ್, ಒಂದು ಆಂಡ್ರಾಯ್ಡ್ ಮೊಬೈಲ್. ಕೇಬಲ್, ಕನೆಕ್ಟರ್, ಡಬ್ಬಿಗಳಿಗೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಆಂಟೆನಾದಲ್ಲಿ ಮಾತ್ರ ಜಿಪುಣತನ ಬೇಡ. ಬರೀ ಎಲ್1 ಹಿಡಿಯುವ ಪುಟ್ಟ ಆಂಟೆನಾವನ್ನು ಒಳ್ಳೆಯ ಬೋರ್ಡಿಗೆ ಸಿಕ್ಕಿಸಿದರೆ ಬೋರ್ಡಿಗೆ ಕೊಟ್ಟ ಹಣ ನೀರುಪಾಲು.

ಹಂತ 5: ಸೇವೆಗೆ ನೋಂದಣಿ

ತಿದ್ದುಪಡಿ ಇಂಟರ್‌ನೆಟ್ ಮೂಲಕ ಬರುವ ಪದ್ಧತಿಯ ಹೆಸರು ಎನ್‌ಟ್ರಿಪ್. ಸೇವೆ ಕೊಡುವ ಸರ್ವರಿಗೆ ಕ್ಯಾಸ್ಟರ್ ಎಂದೂ, ಅದರಲ್ಲಿನ ಪ್ರತಿ ಬೇಸಿನ ವಾಹಿನಿಗೆ ಮೌಂಟ್‌ಪಾಯಿಂಟ್ ಎಂದೂ ಹೆಸರು. ನಿಮಗೆ ಬೇಕಾದದ್ದು ಐದು ವಿವರ: ವಿಳಾಸ, ಪೋರ್ಟ್ (ಸಾಮಾನ್ಯವಾಗಿ 2101), ಮೌಂಟ್‌ಪಾಯಿಂಟ್, ಬಳಕೆದಾರರ ಹೆಸರು, ಪಾಸ್‌ವರ್ಡ್.

ನಮ್ಮಲ್ಲಿ ಮೊದಲು ನೋಡಬೇಕಾದದ್ದು ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲ. ದಿನವಿಡೀ ನಡೆಯುವ ಉಲ್ಲೇಖ ಕೇಂದ್ರಗಳು ದೇಶದುದ್ದಕ್ಕೂ ಇವೆ, ಈ ಜಾಲ ಮೊದಲು ಹಬ್ಬಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳ್ಳಿಯ ಮನೆಗಳನ್ನು ಡ್ರೋನ್‌ನಿಂದ ಅಳೆಯುವ ಸ್ವಾಮಿತ್ವ ಯೋಜನೆಗೆ ಇದೇ ಆಧಾರ. 2021ರ ಫೆಬ್ರುವರಿ 15ರ ಕೇಂದ್ರ ಮಾರ್ಗಸೂಚಿಯ ನಂತರ ಭಾರತೀಯರಿಗೆ ಇಂಥ ಸೇವೆ ಪಡೆಯಲು ಹಿಂದಿನ ಅನುಮತಿಗಳ ರಗಳೆಯಿಲ್ಲ. ಅವರ ಪೋರ್ಟಲಿನಲ್ಲಿ ಖಾತೆ ತೆರೆದು, ದರ ನೋಡಿ, ನೇರಪ್ರಸಾರದ ಸೇವೆ ಆರಿಸಿಕೊಳ್ಳಿ.

ಉಚಿತ ದಾರಿ ಬೇಕೆಂದರೆ ಹವ್ಯಾಸಿಗಳು ತಮ್ಮ ಬೇಸ್‌ಗಳನ್ನು ಹಂಚಿಕೊಳ್ಳುವ ಆರ್‌ಟಿಕೆ2ಗೋ ಇದೆ. ಅಲ್ಲಿ ಬಳಕೆದಾರರ ಹೆಸರಿನ ಜಾಗದಲ್ಲಿ ನಿಮ್ಮ ಇಮೇಲ್ ವಿಳಾಸ ಹಾಕಬೇಕು. ಪಟ್ಟಿಯಲ್ಲಿ ನಿಮಗೆ 20 ಕಿ.ಮೀ. ಒಳಗಿನ ಬೇಸ್ ಇದೆಯೇ ನೋಡಿ. ಬೇಸಿನ ಯಜಮಾನರು ಅದರ ಸ್ಥಾನವನ್ನು ಎಷ್ಟು ಶ್ರದ್ಧೆಯಿಂದ ಅಳೆದಿದ್ದಾರೆ ಎಂಬುದರ ಮೇಲೆ ನಿಮ್ಮ ಉತ್ತರ ನಿಂತಿದೆ. ಬೇಸ್ ಎರಡು ಮೀಟರ್ ತಪ್ಪಾದರೆ ನಿಮಗೆ ಸಿಗುವುದು ಅತಿ ನಿಖರವಾದ ಎರಡು ಮೀಟರ್ ತಪ್ಪು.

ಹಂತ 6: ಜೋಡಿಸಿ ನಡೆಸಿ

ರಿಸೀವರನ್ನು ಮೊಬೈಲಿಗೆ ಸಿಕ್ಕಿಸಿ, ನೇಪಾಳದವರು ರೂಪಿಸಿದ ಎಸ್‌ಡಬ್ಲ್ಯೂ ಮ್ಯಾಪ್ಸ್ ಆ್ಯಪ್ ತೆರೆಯಿರಿ. ಮೊದಲು ರಿಸೀವರಿಗೆ ಸಂಪರ್ಕ, ಆಮೇಲೆ ಎನ್‌ಟ್ರಿಪ್ ವಿಭಾಗದಲ್ಲಿ ಆ ಐದು ವಿವರ. ಹಲವು ಬೇಸ್‌ಗಳನ್ನು ಬೆಸೆದ ಜಾಲಸೇವೆಯಾದರೆ ನಿಮ್ಮ ಅಂದಾಜು ಸ್ಥಾನವಿರುವ ಜಿಜಿಎ ಸಾಲನ್ನು (ರಿಸೀವರ್ ಹೊರಗೆ ಕೊಡುವ ಪಠ್ಯದ ಒಂದು ಸಾಲು) ಸರ್ವರಿಗೆ ಕಳುಹಿಸುವ ಆಯ್ಕೆಗೆ ಗುರುತು ಹಾಕಲೇಬೇಕು. ನಿಮ್ಮ ಸಮೀಪದಲ್ಲಿ ಬೇಸ್ ಇದ್ದಂತೆ ಲೆಕ್ಕ ಹಾಕಿಕೊಡಲು ಸರ್ವರಿಗೆ ನೀವು ಎಲ್ಲಿದ್ದೀರೆಂದು ಗೊತ್ತಿರಬೇಕಲ್ಲ. ‘ಸಂಪರ್ಕವಾಗಿದೆ, ಆದರೆ ಡೇಟಾ ಬರುತ್ತಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಇದೇ. ಗಂಟೆಗೆ ಖರ್ಚಾಗುವುದು ಕೆಲವೇ ಎಂಬಿ ಡೇಟಾ.

ಬೇಸಿನಿಂದ ತಿದ್ದುಪಡಿ ಬರುವುದು ಆರ್‌ಟಿಸಿಎಂ ಎಂಬ ಸಿದ್ಧರೂಪದ, ಸಂಖ್ಯೆ ಹೊತ್ತ ಸಂದೇಶಗಳಾಗಿ. ಅವುಗಳಲ್ಲಿ 1005 ಅಥವಾ 1006 ಬೇಸಿನ ಸ್ಥಾನವನ್ನು ಹೇಳುತ್ತದೆ. 1074 ಅಥವಾ 1077 ಜಿಪಿಎಸ್ ಅಳತೆಗಳು, 1094 ಅಥವಾ 1097 ಗೆಲಿಲಿಯೊ, 1124 ಅಥವಾ 1127 ಚೀನಾದ ಬೈದು. ಸ್ಥಾನದ ಸಂದೇಶ ಬಾರದಿದ್ದರೆ ಉಳಿದದ್ದೆಲ್ಲ ಬಂದರೂ ಫಿಕ್ಸ್ ಆಗದು.

ಸ್ಥಿತಿಯನ್ನು ಜಿಜಿಎ ಸಾಲಿನಲ್ಲೇ ಓದಬಹುದು. ಸಾಲಿನ ಹೆಸರನ್ನು ಬಿಟ್ಟು ಎಣಿಸಿದರೆ ಆರನೆಯ ಅಂಕಣದಲ್ಲಿ 1 ಇದ್ದರೆ ತಿದ್ದುಪಡಿಯಿಲ್ಲ, 2 ಇದ್ದರೆ ಗಗನ್‌ನಂಥ ತಿದ್ದುಪಡಿ, 5 ಇದ್ದರೆ ಫ್ಲೋಟ್, 4 ಇದ್ದರೆ ಫಿಕ್ಸ್. ಹದಿಮೂರನೆಯದು ತಿದ್ದುಪಡಿ ಎಷ್ಟು ಸೆಕೆಂಡು ಹಳೆಯದೆಂದು ಹೇಳುತ್ತದೆ. ಅದು ಒಂದೆರಡರಲ್ಲಿ ಇರಲಿ. ಹತ್ತು ದಾಟುತ್ತಿದ್ದರೆ ಮೊಬೈಲ್ ನೆಟ್‌ವರ್ಕ್ ತಡವರಿಸುತ್ತಿದೆ ಎಂದರ್ಥ. ತೆರೆದ ಮೈದಾನದಲ್ಲಿ ಒಂದು ನಿಮಿಷದೊಳಗೆ ಫಿಕ್ಸ್ ಬರಬೇಕು.

ಬೇರೆ ಆ್ಯಪ್‌ಗಳಿಗೂ ಈ ಸ್ಥಾನ ಬೇಕಿದ್ದರೆ, ಮೊಬೈಲಿನ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಮಾಕ್ ಲೊಕೇಶನ್ ಆ್ಯಪ್ ಆಗಿ ಇದನ್ನು ಆರಿಸಿ. ಕೆಲಸ ಮುಗಿದ ಮೇಲೆ ತೆಗೆದುಬಿಡಿ, ಕೆಲವು ಬ್ಯಾಂಕ್ ಆ್ಯಪ್‌ಗಳಿಗೆ ಇದು ಹಿಡಿಸುವುದಿಲ್ಲ.

ಹಂತ 7: ಫಿಕ್ಸ್ ಅನ್ನು ನಂಬುವ ಮುನ್ನ

ಫಿಕ್ಸ್ ಎಂದು ಬಂದ ಮಾತ್ರಕ್ಕೆ ಸತ್ಯವಲ್ಲ. ಮಳೆಮರದ ಕೆಳಗೆ ಅಥವಾ ಎತ್ತರದ ಅಪಾರ್ಟ್‌ಮೆಂಟಿನ ಬುಡದಲ್ಲಿ ರಿಸೀವರ್ ಅಲೆಗಳ ಪೂರ್ಣಸಂಖ್ಯೆಯನ್ನು ತಪ್ಪಾಗಿ ಬಿಡಿಸಿ, ಹತ್ತಾರು ಸೆಂಟಿಮೀಟರ್ ಆಚೆಯ ಜಾಗವನ್ನು ಪೂರ್ಣ ವಿಶ್ವಾಸದಿಂದ ತೋರಿಸುವುದುಂಟು. ಪರೀಕ್ಷೆ ಸುಲಭ. ಒಂದು ಬಿಂದುವನ್ನು ಅಳೆಯಿರಿ. ಆಂಟೆನಾವನ್ನು ತಲೆಕೆಳಗು ಮಾಡಿ ಫಿಕ್ಸ್ ಕಳೆದುಕೊಳ್ಳುವವರೆಗೆ ಹಿಡಿಯಿರಿ. ಮತ್ತೆ ನೆಟ್ಟಗೆ ಮಾಡಿ, ಹೊಸ ಫಿಕ್ಸ್ ಬಂದ ಮೇಲೆ ಅದೇ ಬಿಂದುವನ್ನು ಅಳೆಯಿರಿ. ಎರಡೂ 2–3 ಸೆಂ.ಮೀ. ಒಳಗೆ ಹೊಂದಿದರೆ ಸರಿ. ಮುಖ್ಯವಾದ ಬಿಂದುವಿಗೆ ಅರ್ಧ ಗಂಟೆಯ ನಂತರ ಮತ್ತೊಮ್ಮೆ ಬನ್ನಿ, ಅಷ್ಟರಲ್ಲಿ ಉಪಗ್ರಹಗಳ ಜೋಡಣೆ ಬದಲಾಗಿರುತ್ತದೆ.

ಉಪಗ್ರಹ ಚಿತ್ರದ ಮೇಲೆ ಬಿಂದುವನ್ನು ಇಟ್ಟು ಸರಿ–ತಪ್ಪು ನಿರ್ಧರಿಸಬೇಡಿ. ಆ ಚಿತ್ರಗಳೇ ಕೆಲವು ಮೀಟರ್ ಸರಿದಿರುವುದು ಸಾಮಾನ್ಯ.

ಹಂತ 8: ಸ್ವಂತ ಬೇಸ್

ಹತ್ತಿರ ಬೇಸ್ ಇಲ್ಲದಿದ್ದರೆ ನಿಮ್ಮ ತಾರಸಿಯಲ್ಲೇ ಒಂದನ್ನು ನಿಲ್ಲಿಸಬಹುದು. ಎರಡನೆಯ ರಿಸೀವರಿನ ಆಂಟೆನಾವನ್ನು ಅಲುಗದಂತೆ ಗಟ್ಟಿಯಾಗಿ ನೆಟ್ಟು, ಕಚ್ಚಾ ಅಳತೆಗಳನ್ನು 24 ಗಂಟೆ ದಾಖಲಿಸಿ. ಆರ್‌ಟಿಕೆಲಿಬ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ರೈನೆಕ್ಸ್ ಎಂಬ ಎಲ್ಲೆಡೆ ಸಲ್ಲುವ ರೂಪದ ಕಡತವಾಗಿಸಿ, ಬೇಸಿನ ನೆರವಿಲ್ಲದೆ ಖಚಿತ ಸ್ಥಾನ ಲೆಕ್ಕ ಹಾಕಿಕೊಡುವ ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆಗೆ ಕಳುಹಿಸಿ. ಅಲ್ಲಿ ನ್ಯಾಡ್83 ಬಿಟ್ಟು ಐಟಿಆರ್‌ಎಫ್ ಆರಿಸಿಕೊಳ್ಳಿ, ಮೊದಲನೆಯದು ಸ್ಥಾನ ಹೇಳಲು ಉತ್ತರ ಅಮೆರಿಕದವರು ಬಳಸುವ ಚೌಕಟ್ಟು, ಎರಡನೆಯದು ಇಡೀ ಭೂಮಿಯದು. ಉತ್ತರ ಇಮೇಲಿನಲ್ಲಿ ಬರುತ್ತದೆ. ಒಂದು ದಿನ ತಡೆದು ಕಳುಹಿಸಿದರೆ ಇನ್ನೂ ಒಳ್ಳೆಯ ಕಕ್ಷಾ ಮಾಹಿತಿ ಬಳಕೆಯಾಗುತ್ತದೆ.

ಬೆಂಗಳೂರಿನವರಿಗೆ ಇಲ್ಲೊಂದು ಭಾಗ್ಯವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಐಜಿಎಸ್ ಎಂಬ, ಉಪಗ್ರಹ ಸಂಕೇತಗಳನ್ನು ಅಳೆಯುವ ಅಂತರರಾಷ್ಟ್ರೀಯ ಜಾಲದ ಕೇಂದ್ರ 1990ರ ದಶಕದಿಂದಲೂ ಇದೆ. ಅದರ 30 ಸೆಕೆಂಡಿನ ಅಳತೆಗಳು ಸಾರ್ವಜನಿಕ ಭಂಡಾರದಲ್ಲಿ ಸಿಗುತ್ತವೆ. ನಿಮ್ಮ ತಾರಸಿಯ ದಾಖಲೆಯನ್ನು ಅದೇ ದಿನದ ಆ ಕಡತದೊಂದಿಗೆ ಆರ್‌ಟಿಕೆಲಿಬ್‌ನಲ್ಲಿ ಹೋಲಿಸಿ ಲೆಕ್ಕ ಹಾಕಿ. ಪಿಪಿಪಿ ಉತ್ತರ ಮತ್ತು ಈ ಉತ್ತರ ಒಂದೆರಡು ಸೆಂಟಿಮೀಟರಿನಲ್ಲಿ ಹೊಂದಿದರೆ ನೆಮ್ಮದಿಯಿಂದ ಬೇಸ್ ಚಾಲೂ ಮಾಡಬಹುದು. ರಿಸೀವರಿನಲ್ಲೇ ಇರುವ ‘ಸರ್ವೆ-ಇನ್’ ಆಯ್ಕೆ ಬರೀ ಸರಾಸರಿ ತೆಗೆಯುತ್ತದೆ. ನಿಮ್ಮ ಬಿಂದುಗಳ ನಡುವಿನ ಅಂತರ ಸರಿಯಾಗಿರುತ್ತದೆ, ಇಡೀ ನಕ್ಷೆ ಮಾತ್ರ ಒಂದೆರಡು ಮೀಟರ್ ಸರಿದಿರುತ್ತದೆ.

ಹಂತ 9: ಎತ್ತರ, ಚೌಕಟ್ಟು, ದಿನಾಂಕ

ಸಮುದ್ರಮಟ್ಟದಿಂದ ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ನಿಮ್ಮ ಹೊಸ ಆರ್‌ಟಿಕೆ ರಿಸೀವರ್ 835 ಎಂದು ತೋರಿಸಿದರೆ ಗಾಬರಿ ಬೇಡ. ಉಪಗ್ರಹ ಅಳೆಯುವುದು ಗಣಿತದ ದೀರ್ಘವೃತ್ತಜ ಮೇಲ್ಮೈಯಿಂದ, ಸಮುದ್ರಮಟ್ಟದಿಂದಲ್ಲ. ಶ್ರೀಲಂಕಾದ ದಕ್ಷಿಣಕ್ಕಿರುವ ಹಿಂದೂ ಮಹಾಸಾಗರದ ಗುರುತ್ವ ತಗ್ಗಿನ ಪ್ರಭಾವದಿಂದ ನಮ್ಮ ಕಡೆ ಸಮುದ್ರಮಟ್ಟದ ಮೇಲ್ಮೈ ಆ ಗಣಿತದ ಮೇಲ್ಮೈಗಿಂತ ಸುಮಾರು 86 ಮೀಟರ್ ಕೆಳಗಿದೆ. ಜಿಜಿಎ ಸಾಲಿನ ಹನ್ನೊಂದನೆಯ ಅಂಕಣ ಈ ವ್ಯತ್ಯಾಸದ್ದು. ಚರಂಡಿಯ ಇಳಿಜಾರು ಲೆಕ್ಕ ಹಾಕುವವರು ಎಲ್ಲ ಬಿಂದುಗಳಿಗೂ ಒಂದೇ ಬಗೆಯ ಎತ್ತರ ಬಳಸುತ್ತಿದ್ದೇವೆಯೇ ಎಂದು ನೋಡಿಕೊಳ್ಳಿ.

ನೆಲವೂ ನಿಂತಲ್ಲಿ ನಿಂತಿಲ್ಲ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ, ಹತ್ತು ವರ್ಷಕ್ಕೆ ಅರ್ಧ ಮೀಟರ್. ಒಂದು ಸೇವೆ ಇಂದಿನ ದಿನಾಂಕದ ಸ್ಥಾನ ಕೊಟ್ಟು, ಇನ್ನೊಂದು ಹಳೆಯ ವರ್ಷಕ್ಕೆ ಕಟ್ಟಿದ ಸ್ಥಾನ ಕೊಟ್ಟರೆ ಎರಡೂ ಸರಿಯಾಗಿದ್ದೂ ಹೊಂದುವುದಿಲ್ಲ. ಒಂದು ಕೆಲಸಕ್ಕೆ ಒಂದೇ ಸೇವೆ ಇಟ್ಟುಕೊಳ್ಳಿ.

ಜಮೀನಿನ ಗಡಿ ವಿವಾದಕ್ಕೆ ಈ ಅಳತೆಯನ್ನು ಹಿಡಿದು ಹೋಗಬೇಡಿ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರಿಂದಲೇ ಅಳತೆಯಾಗಬೇಕು. ನಿಮ್ಮ ಸೆಂಟಿಮೀಟರ್ ಎಷ್ಟೇ ಖಚಿತವಾಗಿದ್ದರೂ ಕಾನೂನಿನ ಕಣ್ಣಿಗೆ ಅದು ಹವ್ಯಾಸ.

ಹಂತ 10: ದಾಖಲೆ

ಪ್ರತಿ ಬಿಂದುವಿನ ಜೊತೆ ದಿನಾಂಕ, ಸಮಯ, ಬಳಸಿದ ಮೌಂಟ್‌ಪಾಯಿಂಟ್, ಫಿಕ್ಸೋ ಫ್ಲೋಟೋ, ಚೌಕಟ್ಟಿನ ಹೆಸರು ಇವನ್ನು ಬರೆದಿಡಿ. ಅಕ್ಷಾಂಶ–ರೇಖಾಂಶಗಳನ್ನು ದಶಾಂಶದ ನಂತರ ಏಳು ಅಂಕಿಗಳವರೆಗೆ ಉಳಿಸಿ. ಏಳನೆಯ ಅಂಕಿಯೇ ಒಂದು ಸೆಂಟಿಮೀಟರ್, ಐದಕ್ಕೆ ಕತ್ತರಿಸಿದರೆ ಮತ್ತೆ ಮೀಟರಿಗೆ ಬಂದು ನಿಲ್ಲುತ್ತೀರಿ. ಎಫ್9ಪಿ ಬಳಸುವವರು ಜಿಜಿಎಯಂಥ ಸಾಲುಗಳನ್ನು ಹೊಂದಿಸುವ ಎನ್‌ಎಂಇಎ ವಿಭಾಗದ ಹೆಚ್ಚು ನಿಖರತೆಯ ಆಯ್ಕೆಯನ್ನೂ ಚಾಲೂ ಮಾಡಬೇಕು, ಇಲ್ಲದಿದ್ದರೆ ಅದು ಹೊರಗೆ ಕೊಡುವ ಸಂಖ್ಯೆ ಸುಮಾರು ಎರಡು ಸೆಂಟಿಮೀಟರಿಗೆ ದುಂಡಾಗಿರುತ್ತದೆ. ಕೊನೆಯದಾಗಿ ಕೋಲಿನ ಉದ್ದ: ಅಳೆದದ್ದು ಆಂಟೆನಾದ ಸ್ಥಾನ, ಬೇಕಾದದ್ದು ನೆಲದ್ದು. ಆ್ಯಪ್‌ನಲ್ಲಿ ಆಂಟೆನಾದ ಎತ್ತರವನ್ನು ತುಂಬಿ, ಕೋಲಿಗೆ ರಸಮಟ್ಟದ ಗುಳ್ಳೆ ಕಟ್ಟಿ ನೆಟ್ಟಗೆ ಹಿಡಿಯಿರಿ. ಎರಡು ಮೀಟರಿನ ಕೋಲು ಒಂದೇ ಡಿಗ್ರಿ ವಾಲಿದರೂ ತುದಿ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ.